ವಿಟನ್ ಖಾತೆಗೆ ಜಮಾ ಆಗದ ಅಂಕಗಳು

ಫುಟ್‌ಬಾಲ್ ಎಂದ ಕೂಡಲೇ ನಮ್ಮ ಮಕ್ಕಳು ಮೆಸ್ಸಿ, ರೊನಾಲ್ಡೊ ಎನ್ನುತ್ತಾರೆ. ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟವೇ ಬೇರೆ. ಅಲ್ಲಿಯ ಚೆಂಡು ಎರಡು ತುದಿಯೂ ಮೊನಚಾದ ಉದ್ದನೆಯ ಚೆಂಡು. ಕಾಲಿಗಿಂತ ಕೈಗೇ ಅಲ್ಲಿ ಕೆಲಸ ಜಾಸ್ತಿ. ಮೈದಾನ ನೂರು ಗಜ. ಎರಡೂ ಕಡೆ ಹನ್ನೊಂದು ಹನ್ನೊಂದು ಜನ. ನಾಲ್ಕು ಯತ್ನದೊಳಗೆ ಹತ್ತು ಗಜ ಮುಂದೆ ಹೋದರೆ ಮತ್ತೆ ನಾಲ್ಕು ಯತ್ನ ಸಿಗುತ್ತದೆ. ಹೀಗೆ ಸಾಗಿ ಸಾಗಿ ಎದುರಾಳಿಯ ಕೊನೆಯ ಗೆರೆ ದಾಟಿದರೆ ಅದು ಟಚ್‌ಡೌನ್, ಆರು ಅಂಕ. ಇಷ್ಟು ತಿಳಿದರೆ ಈ ಲೇಖನ ಓದಲು ಸಾಕು.

ಚೆಂಡು ಎಸೆಯುವವನನ್ನು ಕ್ವಾರ್ಟರ್‌ಬ್ಯಾಕ್ ಎನ್ನುತ್ತಾರೆ. ಅವನ ಮುಂದೆ ಐದು ಜನ ದಢೂತಿ ಆಟಗಾರರು ಗೋಡೆಯಂತೆ ನಿಲ್ಲುತ್ತಾರೆ. ಆ ಗೋಡೆಯ ಒಂದು ತುದಿಗೆ ಅಂಟಿಕೊಂಡಂತೆ ನಿಲ್ಲುವವನೇ ಟೈಟ್ ಎಂಡ್. ಇವನಿಗೆ ಎರಡು ಕೆಲಸ. ಒಂದು ಸಲ ಗೋಡೆಯ ಜೊತೆ ಸೇರಿ, ನುಗ್ಗಿಬರುವ ಎದುರಾಳಿಯನ್ನು ಮೈಯೊಡ್ಡಿ ತಡೆಯಬೇಕು. ಇನ್ನೊಂದು ಸಲ ಓಡಿಹೋಗಿ ಚೆಂಡು ಹಿಡಿಯಬೇಕು. ನಗದು ಎಣಿಸುತ್ತಲೇ ಲೆಡ್ಜರನ್ನೂ ಬರೆಯುವ ಗುಮಾಸ್ತನ ಹಾಗೆ ಎನ್ನಿ. ಆ ಎರಡರಲ್ಲಿ ಯಾವುದು ಹೊರಗಿನವರ ಕಣ್ಣಿಗೆ ಬೀಳುತ್ತದೆ ಎಂಬುದು ಕೌಂಟರಿನ ಹಿಂದೆ ಕೂತವರಿಗೆ ಗೊತ್ತು.

ಈ ಜಾಗದಲ್ಲಿ ಹದಿನೇಳು ವರ್ಷ ಆಡಿದ ಜೇಸನ್ ವಿಟನ್ ಎಂಬಾತನ ಲೆಕ್ಕಪತ್ರವನ್ನು ಇವತ್ತು ಬಿಡಿಸೋಣ.

ವಿಟನ್ ಹುಟ್ಟಿದ್ದು 1982ರ ಮೇ 6ರಂದು. ಅವನ ಬಾಲ್ಯ ಸುಖದ್ದಲ್ಲ. ತಂದೆ ಮನೆಯವರ ಮೇಲೆ ಕೈಮಾಡುತ್ತಿದ್ದರು. ಹುಡುಗನಿಗೆ ಹನ್ನೊಂದು ವರ್ಷವಾದಾಗ ತಾಯಿ ಮಕ್ಕಳನ್ನು ಕರೆದುಕೊಂಡು ಟೆನೆಸಿ ರಾಜ್ಯದ ಎಲಿಜಬೆತ್‌ಟನ್ ಎಂಬ ಸಣ್ಣ ಊರಿನಲ್ಲಿದ್ದ ತವರು ಸೇರಿದರು. ತಾಯಿಯ ತಂದೆ ಡೇವ್ ರೈಡರ್ ಅಲ್ಲಿಯ ಹೈಸ್ಕೂಲಿನ ಫುಟ್‌ಬಾಲ್ ಕೋಚ್. ಮೂವರು ಮೊಮ್ಮಕ್ಕಳೂ ಅಜ್ಜ ಅಜ್ಜಿಯ ಮನೆಯಲ್ಲಿ ಬೆಳೆದರು, ಅಜ್ಜನ ಕೈಕೆಳಗೆ ಆಟ ಕಲಿತರು. ನಮ್ಮಲ್ಲಿ ಅಜ್ಜನ ಮನೆ ಎಂದರೆ ಬೇಸಿಗೆ ರಜೆ, ಮಾವಿನಹಣ್ಣು. ಆ ಹುಡುಗರಿಗೆ ಅದು ನೆಮ್ಮದಿಯಾಗಿ ನಿದ್ದೆ ಮಾಡಲು ಸಿಕ್ಕ ಜಾಗ. ಅಜ್ಜಂದಿರು ಈ ಮಾತನ್ನು ಮೊಮ್ಮಕ್ಕಳಿಗೆ ಓದಿ ಹೇಳುವಾಗ ಇಲ್ಲಿ ಸ್ವಲ್ಪ ನಿಂತರೂ ತಪ್ಪಿಲ್ಲ.

ಮುಂದೆ ಟೆನೆಸಿ ವಿಶ್ವವಿದ್ಯಾಲಯಕ್ಕೆ ಸೇರಿದಾಗ ಅವನನ್ನು ತಡೆಯುವ ಪಡೆಯ ಆಟಗಾರನಾಗಿ ತೆಗೆದುಕೊಂಡಿದ್ದರು. ಟೈಟ್ ಎಂಡ್‌ಗಳು ಗಾಯಗೊಂಡು ಜಾಗ ಖಾಲಿಯಾದಾಗ ಇವನನ್ನು ಅಲ್ಲಿಗೆ ವರ್ಗ ಮಾಡಿದರು. ಇವನಿಗೆ ಅದು ಇಷ್ಟವಿರಲಿಲ್ಲವಂತೆ. 2003ರಲ್ಲಿ ಡಲ್ಲಾಸ್ ಕೌಬಾಯ್ಸ್ ತಂಡ ಮೂರನೆಯ ಸುತ್ತಿನಲ್ಲಿ, 69ನೆಯ ಆಟಗಾರನಾಗಿ ಇವನನ್ನು ಆರಿಸಿಕೊಂಡಿತು. ಆರಡಿ ಆರಂಗುಲ ಎತ್ತರ, 82 ನಂಬರಿನ ಅಂಗಿ.

ಆ ಮೊದಲ ವರ್ಷವೇ ಅಕ್ಟೋಬರಿನಲ್ಲಿ ದವಡೆ ಮುರಿಯಿತು. ಒಂದು ಪಂದ್ಯ ತಪ್ಪಿತು. ಮಕ್ಕಳೇ, ಇದನ್ನು ಗುರುತು ಹಾಕಿಕೊಳ್ಳಿ: ಹದಿನೇಳು ಋತುಗಳಲ್ಲಿ ಆತ ತಪ್ಪಿಸಿಕೊಂಡ ಪಂದ್ಯ ಇದೊಂದೇ. ಆಡಿದ್ದು 271.

2007ರ ನವೆಂಬರ್ 4ರಂದು ಫಿಲಡೆಲ್ಫಿಯಾದಲ್ಲಿ ಚೆಂಡು ಹಿಡಿದ ಕೂಡಲೇ ಇಬ್ಬರು ಬಂದು ಗುದ್ದಿದರು. ವಿಟನ್‌ನ ಹೆಲ್ಮೆಟ್ ಹಾರಿಹೋಯಿತು, ಆತ ಬೀಳಲಿಲ್ಲ. ಬರಿತಲೆಯಲ್ಲೇ ಓಡಿದ. ಒಟ್ಟು 53 ಗಜ. ಆ ಚಿತ್ರ ಅಮೆರಿಕದಲ್ಲಿ ಬಹಳ ಪ್ರಸಿದ್ಧ. ಈಗ ಹಾಗೆ ಓಡುವಂತಿಲ್ಲ. ಚೆಂಡು ಹಿಡಿದವನ ಹೆಲ್ಮೆಟ್ ಕಳಚಿದರೆ ಅಲ್ಲಿಗೇ ಆಟ ನಿಲ್ಲಬೇಕೆಂದು 2010ರಲ್ಲಿ ನಿಯಮ ಬಂತು. ಬಂದದ್ದು ಒಳ್ಳೆಯದೇ.

ಇನ್ನು ಲೆಕ್ಕದ ವಿಷಯಕ್ಕೆ ಬರೋಣ.

ಫ್ಯಾಂಟಸಿ ಫುಟ್‌ಬಾಲ್ ಎಂಬ ಇನ್ನೊಂದು ಆಟವಿದೆ. ಗೆಳೆಯರು ಹತ್ತು ಹನ್ನೆರಡು ಜನ ಸೇರಿ, ನಿಜವಾದ ಆಟಗಾರರನ್ನು ಹೆಸರಿನಲ್ಲಿ ಮಾತ್ರ ಹಂಚಿಕೊಂಡು ತಮ್ಮ ತಮ್ಮ ತಂಡ ಕಟ್ಟುತ್ತಾರೆ. ಭಾನುವಾರ ಆ ಆಟಗಾರರು ಮೈದಾನದಲ್ಲಿ ಏನು ಮಾಡುತ್ತಾರೋ ಅದಕ್ಕೆ ತಕ್ಕ ಅಂಕ ಇವರ ಖಾತೆಗೆ ಜಮಾ. ಇದು ಕಂಪ್ಯೂಟರ್ ಕಾಲದ ಆಟವೆಂದು ಮಕ್ಕಳು ತಿಳಿದಿರಬಹುದು. ಅಲ್ಲ. 1962ರಲ್ಲಿ ಓಕ್ಲೆಂಡ್ ರೇಡರ್ಸ್ ತಂಡ ಪ್ರವಾಸ ಹೋಗಿದ್ದಾಗ, ಆ ತಂಡದಲ್ಲಿ ಪಾಲಿದ್ದ ಬಿಲ್ ವಿಂಕನ್‌ಬಾಕ್ ಮತ್ತು ಜೊತೆಯವರು ನ್ಯೂಯಾರ್ಕಿನ ಹೋಟೆಲಿನಲ್ಲಿ ಕೂತು ಇದರ ನಿಯಮ ಬರೆದರು. ಮರುವರ್ಷ ಓಕ್ಲೆಂಡಿನ ವಿಂಕನ್‌ಬಾಕ್ ಮನೆಯಲ್ಲಿ ಎಂಟು ತಂಡಗಳ ಮೊದಲ ಹಂಚಿಕೆ ನಡೆಯಿತು. ಪತ್ರಿಕೆಯಲ್ಲಿ ಬಂದ ಅಂಕಿಅಂಶ, ಒಂದು ಪೆನ್ಸಿಲು, ಕಾಗದ. ಅಷ್ಟೇ ಬಂಡವಾಳ.

ನಮ್ಮಲ್ಲಿ ಕ್ರಿಕೆಟ್ ಮೇಲೆ ಇದೇ ಬಗೆಯ ಆಟ ಹಣ ಕಟ್ಟಿ ಆಡುವ ರೂಪದಲ್ಲಿ ಮೊಬೈಲಿಗೆ ಬಂದಿತ್ತು. 2025ರ ಆಗಸ್ಟಿನಲ್ಲಿ ಸಂಸತ್ತು ಕಾಯಿದೆ ಮಾಡಿ ಹಣದ ಆಟವನ್ನು ನಿಷೇಧಿಸಿತು. ನನಗಂತೂ ಬೇಸರವಿಲ್ಲ. ಕಾಸಿಲ್ಲದೆ ಕಾಗದದ ಮೇಲೆ ಆಡಿದರೆ ಭಾಗಾಕಾರ ಬರುತ್ತದೆ, ಜೇಬೂ ಖಾಲಿಯಾಗುವುದಿಲ್ಲ.

ಸಾಮಾನ್ಯವಾಗಿ ನಡೆಯುವ ನಿಯಮ ಹೀಗೆ: ಚೆಂಡು ಹಿಡಿದು ಗಳಿಸಿದ ಹತ್ತು ಗಜಕ್ಕೆ 1 ಅಂಕ, ಟಚ್‌ಡೌನ್‌ಗೆ 6. ಇನ್ನು ಕೆಲವರು ಆಡುವ ಪದ್ಧತಿಯಲ್ಲಿ ಇದರ ಜೊತೆಗೆ ಪ್ರತಿ ಹಿಡಿತಕ್ಕೂ 1 ಅಂಕ. ಮೊದಲನೆಯದನ್ನು ಹಳೆ ಪದ್ಧತಿ, ಎರಡನೆಯದನ್ನು ಹಿಡಿತದ ಪದ್ಧತಿ ಎಂದು ಕರೆಯೋಣ.

ಪೆನ್ಸಿಲು ತೆಗೆದುಕೊಳ್ಳಿ. ವಿಟನ್ ಒಟ್ಟು 1,228 ಚೆಂಡು ಹಿಡಿದ, 13,046 ಗಜ, 74 ಟಚ್‌ಡೌನ್. ಗಜದಿಂದ 1304.6, ಟಚ್‌ಡೌನ್‌ನಿಂದ 444, ಒಟ್ಟು 1748.6. ಅದೇ ಕಾಲದಲ್ಲಿ ಆಡಿದ ಇನ್ನೊಬ್ಬ ಟೈಟ್ ಎಂಡ್ ಆಂಟೋನಿಯೊ ಗೇಟ್ಸ್. ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಮಾತ್ರ ಆಡಿ ಬಂದವನು. ಅವನದು 955 ಹಿಡಿತ, 11,841 ಗಜ, 116 ಟಚ್‌ಡೌನ್. ಟೈಟ್ ಎಂಡ್‌ಗಳಲ್ಲಿ ಅಷ್ಟು ಟಚ್‌ಡೌನ್ ಬೇರಾರಿಗೂ ಇಲ್ಲ. ಅವನ ಲೆಕ್ಕ 1184.1 ಮತ್ತು 696, ಒಟ್ಟು 1880.1. ಹಳೆ ಪದ್ಧತಿಯಲ್ಲಿ ಗೇಟ್ಸ್ ಮುಂದೆ.

ಈಗ ಹಿಡಿತದ ಅಂಕ ಕೂಡಿಸಿ. ವಿಟನ್ 2976.6, ಗೇಟ್ಸ್ 2835.1. ವಿಟನ್ ಮುಂದಾದ! ಆಡಿದ ಆಟ ಅದೇ, ಬೆವರು ಅದೇ. ಲೆಕ್ಕದ ನಿಯಮ ಬದಲಾಯಿತು, ಶ್ರೀಮಂತನೂ ಬದಲಾದ.

ಇಷ್ಟಕ್ಕೇ ಪುಸ್ತಕ ಮುಚ್ಚಬೇಡಿ. ಪಂದ್ಯಕ್ಕೆ ಎಷ್ಟೆಂದು ಭಾಗಿಸಿ ನೋಡಿ. ವಿಟನ್ 271 ಪಂದ್ಯ, ಗೇಟ್ಸ್ 236. ಹಿಡಿತದ ಪದ್ಧತಿಯಲ್ಲೂ ಪಂದ್ಯಕ್ಕೆ ಗೇಟ್ಸ್ ಸುಮಾರು 12, ವಿಟನ್ ಸುಮಾರು 11. ಅಂದರೆ ಒಂದೊಂದೇ ಪಂದ್ಯ ತೆಗೆದುಕೊಂಡರೆ ಗೇಟ್ಸ್ ಮೇಲು. ಒಟ್ಟು ಮೊತ್ತದಲ್ಲಿ ವಿಟನ್ ಮೇಲು, ಏಕೆಂದರೆ ಆತ 35 ಪಂದ್ಯ ಹೆಚ್ಚು ಆಡಿದ. ಫ್ಯಾಂಟಸಿ ಆಡುವವರು ಗೇಟ್ಸನ್ನು ಮೊದಲೇ ಆರಿಸಿ, ವಿಟನ್‌ನನ್ನು ಆಮೇಲೆ ಆರಿಸಲು ಇದು ಕಾರಣ. ಗೇಟ್ಸ್ ಶೇರಿನ ಹಾಗೆ, ಏರಿದರೆ ಏರಿತು. ವಿಟನ್ ಫಿಕ್ಸೆಡ್ ಡಿಪಾಜಿಟ್. ವಾರಕ್ಕೆ ನಾಲ್ಕೈದು ಹಿಡಿತ, ನಲವತ್ತೆಂಟು ಗಜ, ತಪ್ಪದ ಬಡ್ಡಿ.

ಆ ನಾಲ್ಕೈದು ಹಿಡಿತ ಬರುತ್ತಿದ್ದುದು ಒಂದು ಸರಳ ಓಟದಿಂದ. ಏಳೆಂಟು ಗಜ ಓಡುವುದು. ಕಾವಲಿಗೆ ನಿಂತವನು ಒಳಗಡೆಯಿದ್ದರೆ ಹೊರಕ್ಕೆ ತಿರುಗುವುದು, ಹೊರಗಡೆಯಿದ್ದರೆ ಒಳಕ್ಕೆ. ಎದುರಾಳಿಗಳಿಗೂ ಇದು ಗೊತ್ತಿತ್ತು, ನೋಡುವ ಜನಕ್ಕೂ ಗೊತ್ತಿತ್ತು. ಚೆಂಡು ಎಸೆಯುವ ಟೋನಿ ರೋಮೊ ಮತ್ತು ವಿಟನ್ ಇಬ್ಬರೂ 2003ರಲ್ಲೇ ತಂಡಕ್ಕೆ ಬಂದವರು, ಗೆಳೆಯರು. ವಿಟನ್ ಯಾವ ಕಡೆ ತಿರುಗುತ್ತಾನೆಂದು ರೋಮೊಗೆ ಮೊದಲೇ ತಿಳಿಯುತ್ತಿತ್ತು. ವರ್ಷಗಟ್ಟಲೆ ಜೊತೆಯಲ್ಲಿ ಅಭ್ಯಾಸ ಮಾಡಿದವರಿಗೆ ಮಾತು ಬೇಕಿಲ್ಲ.

2012ರ ಕತೆಯನ್ನು ಮಾತ್ರ ಬಿಡುವಂತಿಲ್ಲ. ಆಗಸ್ಟಿನ ಅಭ್ಯಾಸ ಪಂದ್ಯದಲ್ಲಿ ಪೆಟ್ಟು ಬಿದ್ದು ವಿಟನ್‌ನ ಗುಲ್ಮ ಸೀಳಿತು. ಗುಲ್ಮವೆಂದರೆ ಹೊಟ್ಟೆಯ ಎಡಭಾಗದಲ್ಲಿ ಪಕ್ಕೆಲುಬಿನ ಕೆಳಗಿರುವ ಅಂಗ; ಅಲ್ಲಿ ರಕ್ತ ಸೋರಿದರೆ ಪ್ರಾಣಕ್ಕೇ ಅಪಾಯ. ವೈದ್ಯರು ಒಪ್ಪಿಗೆ ಕೊಟ್ಟ ಮೇಲೆ, ಸುಮಾರು ಮೂರು ವಾರಕ್ಕೆ ಮೊದಲ ಪಂದ್ಯಕ್ಕೆ ಇಳಿದ. ನನ್ನ ಮೊಮ್ಮಗನಾಗಿದ್ದರೆ ನಾನು ಬಿಡುತ್ತಿರಲಿಲ್ಲ, ಆ ಮಾತು ಬೇರೆ. ಮೊದಲ ಮೂರು ಪಂದ್ಯಗಳಲ್ಲಿ ಎಂಟೇ ಹಿಡಿತ, ಕೈಗೆ ಬಂದ ಚೆಂಡುಗಳೂ ಜಾರಿದವು. ಹಲವು ಫ್ಯಾಂಟಸಿ ತಂಡಗಳವರಿಗೆ ಇವನ ಕಾಲ ಮುಗಿಯಿತು ಅನ್ನಿಸಿತು. ನಾಲ್ಕನೆಯ ಪಂದ್ಯದಲ್ಲಿ 13 ಹಿಡಿದ. ಅಕ್ಟೋಬರ್ 28ರಂದು ನ್ಯೂಯಾರ್ಕ್ ಜೈಂಟ್ಸ್ ಎದುರು 18, ಟೈಟ್ ಎಂಡ್ ಒಬ್ಬ ಒಂದೇ ಪಂದ್ಯದಲ್ಲಿ ಅಷ್ಟು ಹಿಡಿದದ್ದು ಆವರೆಗೆ ಇರಲಿಲ್ಲ. ವರ್ಷದ ಕೊನೆಗೆ 110. ಅದೂ ಆಗಿನ ದಾಖಲೆ. 2018ರಲ್ಲಿ ಜ್ಯಾಕ್ ಅರ್ಟ್ಜ್ 116 ಹಿಡಿದು ಅದನ್ನು ದಾಟಿದ. ವಿಟನ್‌ನ ಆ ವರ್ಷದ ಗಳಿಕೆ ಎಷ್ಟಾಯಿತು? 1,039 ಗಜ, ಮೂರೇ ಟಚ್‌ಡೌನ್. ಹಳೆ ಪದ್ಧತಿಯಲ್ಲಿ 121.9, ಹಿಡಿತದ ಪದ್ಧತಿಯಲ್ಲಿ 231.9. ಹೆಚ್ಚುಕಡಿಮೆ ದುಪ್ಪಟ್ಟು. ಯಾವ ಪದ್ಧತಿಯಲ್ಲಿ ಆಡುತ್ತೇವೆಂದು ಮೊದಲೇ ಕೇಳಿಕೊಳ್ಳಬೇಕೆಂದು ಅನುಭವಿಗಳು ಹೇಳುವುದು ಇದಕ್ಕೇ.

ಇನ್ನೊಂದು ಲೆಕ್ಕ ನನಗೆ ಬಹಳ ಹಿಡಿಸಿತು. 2013ರಲ್ಲಿ ವಿಟನ್ 851 ಗಜ, 8 ಟಚ್‌ಡೌನ್. ಹಳೆ ಪದ್ಧತಿಯಲ್ಲಿ 133.1 ಅಂಕ. ತಂಡ 8 ಗೆದ್ದು 8 ಸೋತಿತು. ಮರುವರ್ಷ 2014ರಲ್ಲಿ ವಿಟನ್ 703 ಗಜ, 5 ಟಚ್‌ಡೌನ್. ಅಂಕ 100.3ಕ್ಕೆ ಇಳಿಯಿತು. ಆದರೆ ತಂಡ 12 ಗೆದ್ದು ನಾಲ್ಕೇ ಸೋತಿತು! ಆ ವರ್ಷ ಡಲ್ಲಾಸ್ ಎಸೆತ ಕಡಿಮೆ ಮಾಡಿ ಓಟ ಹೆಚ್ಚು ಮಾಡಿತ್ತು. ಡಿಮಾರ್ಕೊ ಮರ್ರೆ ಚೆಂಡು ಹಿಡಿದು 1,845 ಗಜ ಓಡಿ ಇಡೀ ಲೀಗಿಗೆ ಮೊದಲಿಗನಾದ. ಅವನಿಗೆ ದಾರಿ ಬಿಡಿಸಿಕೊಟ್ಟವರು ಮುಖ್ಯವಾಗಿ ಆ ಗೋಡೆಯ ಐವರು, ನಿಜ. ಗೋಡೆಯ ತುದಿಯಲ್ಲಿ ಭುಜ ಕೊಟ್ಟು ನಿಂತಿದ್ದವನು 82ನೆಯ ನಂಬರಿನವನು. ಭುಜ ಕೊಟ್ಟದ್ದಕ್ಕೆ ಫ್ಯಾಂಟಸಿಯಲ್ಲಿ ಅಂಕವಿಲ್ಲ. ಟೈಟ್ ಎಂಡ್‌ನ ಎರಡು ಕೆಲಸದಲ್ಲಿ ಒಂದಕ್ಕೆ ಆ ಲೆಡ್ಜರಿನಲ್ಲಿ ಕಾಲಮ್ಮೇ ಇಲ್ಲ.

2017ರಲ್ಲಿ ಮೈಕೆಲ್ ಅರ್ವಿನ್‌ನ 11,904 ಗಜ ದಾಟಿ, ಡಲ್ಲಾಸ್ ತಂಡದ ಚರಿತ್ರೆಯಲ್ಲೇ ಹೆಚ್ಚು ಗಜ ಹಿಡಿದವನಾದ. 2018ರಲ್ಲಿ ನಿವೃತ್ತಿ. ಒಂದು ವರ್ಷ ಟೀವಿಯಲ್ಲಿ ವೀಕ್ಷಕ ವಿವರಣೆ. ಅದಕ್ಕೆ ಟೀಕೆಯೇ ಹೆಚ್ಚು ಬಂತು. 2019ರಲ್ಲಿ, ಮೂವತ್ತೇಳನೆಯ ವಯಸ್ಸಿನಲ್ಲಿ, ಮತ್ತೆ ಅಂಗಿ ತೊಟ್ಟ. ಹಿಂತಿರುಗಿದ ಮೊದಲ ಪಂದ್ಯದಲ್ಲೇ ಟಚ್‌ಡೌನ್. ಆ ವರ್ಷ 63 ಹಿಡಿತ, 529 ಗಜ, 4 ಟಚ್‌ಡೌನ್. ಹಿಡಿತದ ಪದ್ಧತಿಯಲ್ಲಿ 139.9, ವಾರಕ್ಕೆ ಒಂಬತ್ತಕ್ಕೆ ಸ್ವಲ್ಪ ಕಡಿಮೆ.

ಇಂಥ ಹಳಬನನ್ನು ಫ್ಯಾಂಟಸಿ ತಂಡಕ್ಕೆ ತೆಗೆದುಕೊಳ್ಳಬೇಕೆ? ಇಲ್ಲಿ ಒಂದು ಸೂಕ್ಷ್ಮವಿದೆ. ಹನ್ನೆರಡು ಗೆಳೆಯರು ಆಡುತ್ತಿದ್ದು, ಒಬ್ಬೊಬ್ಬರಿಗೂ ಒಬ್ಬ ಟೈಟ್ ಎಂಡ್ ಬೇಕು ಎಂದುಕೊಳ್ಳಿ. ಯಾರೂ ಆರಿಸದೆ ಉಳಿದ ಹದಿಮೂರನೆಯವನು ವಾರಕ್ಕೆ 8 ಅಂಕ ತರುವವನಾದರೆ, 9 ತರುವವನ ಬೆಲೆ ಒಂಬತ್ತಲ್ಲ, ಒಂದು. ಮೂವತ್ತೇಳರ ವಿಟನ್ ಬೆಲೆ ಹೆಚ್ಚುಕಡಿಮೆ ಹೀಗೇ ಇತ್ತು. ಮುಖ್ಯ ಆಟಗಾರ ವಿಶ್ರಾಂತಿಯಲ್ಲಿದ್ದ ವಾರ ಕರೆದುಕೊಳ್ಳಲು ಸರಿ, ಋತುವಿಡೀ ನಂಬಿ ಕೂರಲು ಸಾಲದು. ಹಿಂದಿನ ಹೆಸರಿಗೆ ಅಲ್ಲಿ ಬಡ್ಡಿ ಸಿಗುವುದಿಲ್ಲ.

2020ರಲ್ಲಿ ಆತ ಹೋದದ್ದು ರೇಡರ್ಸ್ ತಂಡಕ್ಕೆ, ಫ್ಯಾಂಟಸಿ ಹುಟ್ಟಿದ ಅದೇ ತಂಡ. ಅಷ್ಟರಲ್ಲಿ ಅದು ಓಕ್ಲೆಂಡ್ ಬಿಟ್ಟು ಲಾಸ್ ವೇಗಸ್ ಸೇರಿತ್ತು. ಅಲ್ಲಿ ಚೆಂಡು ಹಿಡಿಯುವ ಟೈಟ್ ಎಂಡ್ ಡ್ಯಾರನ್ ವಾಲರ್. ಆ ವರ್ಷ 107 ಹಿಡಿದ. ವಿಟನ್ ಹಿಡಿದದ್ದು 13, ಗಳಿಸಿದ್ದು 69 ಗಜ, 2 ಟಚ್‌ಡೌನ್. ವಾರಕ್ಕೆ ಎರಡು ಅಂಕ. ಫ್ಯಾಂಟಸಿ ಲೆಕ್ಕದಲ್ಲಿ ಶೂನ್ಯಕ್ಕೆ ಸಮ. ಹದಿನಾರು ಪಂದ್ಯಗಳಲ್ಲೂ ಮೈದಾನಕ್ಕೆ ಇಳಿದ, ಹೆಚ್ಚಾಗಿ ತಡೆಯುವುದಕ್ಕೆ. ಆ ಋತು ಮುಗಿದ ಮೇಲೆ ಆಟ ಬಿಟ್ಟ. ಸೂಪರ್ ಬೌಲ್ ಫೈನಲನ್ನು ಒಮ್ಮೆಯೂ ಆಡಲಿಲ್ಲ. ಹಿಡಿತದ ಲೆಕ್ಕದಲ್ಲಿ ಟೈಟ್ ಎಂಡ್‌ಗಳ ಪೈಕಿ ಆಗ ಆತನ ಮುಂದೆ ಇದ್ದವನು 1,325 ಹಿಡಿದ ಟೋನಿ ಗೊನ್ಸಾಲೆಸ್ ಒಬ್ಬನೇ.

ಆಡುತ್ತಿದ್ದಾಗಲೇ, 2007ರಲ್ಲಿ, ವಿಟನ್ ಮತ್ತು ಆತನ ಹೆಂಡತಿ ಒಂದು ಪ್ರತಿಷ್ಠಾನ ಕಟ್ಟಿದರು. ಮನೆಯಲ್ಲಿ ಹೊಡೆತ ತಾಳಲಾರದೆ ಓಡಿಬಂದ ತಾಯಂದಿರು, ಮಕ್ಕಳು ಇರುವ ಆಶ್ರಯಮನೆಗಳು ಟೆಕ್ಸಸ್‌ನಲ್ಲಿವೆ. ಈ ಪ್ರತಿಷ್ಠಾನ ಅಲ್ಲಿಗೆ ಗಂಡಸರನ್ನು ಕೆಲಸಕ್ಕೆ ಕಳಿಸುತ್ತದೆ. ಗದರದ, ಕೈಯೆತ್ತದ ಗಂಡಸು ಹೇಗಿರುತ್ತಾನೆಂದು ಆ ಮಕ್ಕಳು ದಿನಾ ನೋಡಲಿ ಎಂದು. ಹನ್ನೊಂದನೆಯ ವಯಸ್ಸಿನಲ್ಲಿ ಆತ ಅಂಥವರೊಬ್ಬರನ್ನು ಅಜ್ಜನ ಮನೆಯಲ್ಲಿ ನೋಡಿದ್ದ. 2012ರ ಋತುವಿಗೆ ಲೀಗ್ ಕೊಡುವ ವಾಲ್ಟರ್ ಪೇಟನ್ ವರ್ಷದ ವ್ಯಕ್ತಿ ಪ್ರಶಸ್ತಿ ಈತನಿಗೆ ಬಂತು. ಮೈದಾನದ ಆಟದ ಜೊತೆಗೆ ಸಮಾಜಸೇವೆಯನ್ನೂ ನೋಡಿ ಕೊಡುವ ಪ್ರಶಸ್ತಿ ಅದು.

ಅಜ್ಜ ಕೋಚ್ ಆಗಿದ್ದ ಎಲಿಜಬೆತ್‌ಟನ್ ಹೈಸ್ಕೂಲಿಗೆ ಮುಂದೆ ಕೋಚ್ ಆದವನು ವಿಟನ್‌ನ ಅಣ್ಣ ಶಾನ್. 2019ರಲ್ಲೂ 2020ರಲ್ಲೂ ಆ ಶಾಲೆ ರಾಜ್ಯ ಪ್ರಶಸ್ತಿ ಗೆದ್ದಿತು. ತಮ್ಮನೂ ಸುಮ್ಮನೆ ಕೂರಲಿಲ್ಲ. ಆಟ ಬಿಟ್ಟ 2021ರಲ್ಲೇ ಟೆಕ್ಸಸ್‌ನ ಆರ್ಗೈಲ್ ಎಂಬ ಊರಿನ ಲಿಬರ್ಟಿ ಕ್ರಿಶ್ಚಿಯನ್ ಶಾಲೆಗೆ ಫುಟ್‌ಬಾಲ್ ಕೋಚ್ ಆಗಿ ಸೇರಿಕೊಂಡ. ಆ ಶಾಲೆ 2023ರಲ್ಲಿ ಖಾಸಗಿ ಶಾಲೆಗಳ ರಾಜ್ಯ ಪ್ರಶಸ್ತಿ ಗೆದ್ದಿತು, 2024ರಲ್ಲಿ ಮತ್ತೊಮ್ಮೆ ಗೆದ್ದಿತು.