ಮದುವೆಯ ಮನೆಯ ಮಂಗಳವಾದ್ಯ

ಮದುವೆಯಲ್ಲಿ ಯಾರು ಯಾರು ಏನೇನನ್ನು ಬಯಸುವರೆಂದು ಎಣಿಸಿ ಹೇಳುವ ಸುಭಾಷಿತವೊಂದನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ನೆರೆದ ಇತರ ಜನಕ್ಕೆ ಮೃಷ್ಟಾನ್ನವೇ ಸಾಕೆಂದು ಅದರ ಅಭಿಪ್ರಾಯ; ವಾದ್ಯದ ಮಾತೇ ಅದರಲ್ಲಿಲ್ಲ. ನಾವೂ ಬಹುಕಾಲ ಹಾಗೆಯೇ ಇದ್ದೆವು. ಛತ್ರ, ಅಡಿಗೆಯವರು, ಜವಳಿ, ಒಡವೆ ಇವುಗಳನ್ನು ತಿಂಗಳುಗಟ್ಟಲೆ ವಿಚಾರಿಸಿ, ಓಲಗದವರನ್ನು ಮಾತ್ರ ಕಡೆಯ ವಾರದಲ್ಲಿ, ಯಾರಾದರೊಬ್ಬರು ಬಂದರೆ ಸಾಕೆಂದು ಗೊತ್ತುಮಾಡುವುದು ಗೃಹಸ್ಥರ ವಾಡಿಕೆ. ಈ ಉದಾಸೀನದ ಫಲವನ್ನು ಸ್ವತಃ ಉಂಡವರಾದಕಾರಣ ನಾಲ್ಕು ಮಾತು ಬರೆಯಲು ಧೈರ್ಯಗೊಂಡಿದ್ದೇವೆ.

ಕೆಲವು ವರ್ಷಗಳ ಕೆಳಗೆ ಯಲಹಂಕದ ಒಂದು ಕಲ್ಯಾಣಮಂಟಪದಲ್ಲಿ ನಮ್ಮ ಹಿರಿಯ ಮಗಳ ವಿವಾಹವು ನಡೆಯಿತು. ಬೀಗರು ಮೆಚ್ಚಲೆಂಬ ಅಭಿಮಾನದಿಂದ, ಧ್ವನಿವರ್ಧಕಗಳೊಡನೆ ಬರುವ ವಾದ್ಯಗೋಷ್ಠಿಯೊಂದನ್ನು ಏರ್ಪಡಿಸಿದ್ದೆವು. ಅವರು ತಮ್ಮ ಕೆಲಸವನ್ನು ಶ್ರದ್ಧೆಯಿಂದಲೇ ಮಾಡಿದರು; ಎಲ್ಲಿ ನಿಲ್ಲಿಸಬೇಕೆಂದು ನಾವೇ ಅವರಿಗೆ ಹೇಳಿರಲಿಲ್ಲ. ಸಪ್ತಪದಿಯ ಹೊತ್ತಿಗೆ ಸಿನಿಮಾ ಹಾಡೊಂದು ಮಂಟಪವನ್ನೆಲ್ಲ ತುಂಬಿತು. ಮೂರು ದಿನ ಕಳೆದ ಮೇಲೆ ಮಗಳು, "ಏಳನೆಯ ಹೆಜ್ಜೆಗೆ ಪುರೋಹಿತರು ಏನು ಹೇಳಿದರಪ್ಪಾ? ನನಗೊಂದೂ ಕೇಳಿಸಲಿಲ್ಲ" ಎಂದಳು. ವರನು ವಧುವನ್ನು ಸಖಿಯೆಂದು ಕರೆಯುವ ಹೆಜ್ಜೆ ಅದು. ಜೀವಮಾನವೆಲ್ಲ ಪರರ ಮಕ್ಕಳಿಗೆ ಸಂಸ್ಕೃತವನ್ನು ಕಲಿಸಿದ ನಮ್ಮ ಸ್ವಂತ ಮಗಳ ಕಿವಿಗೆ ಆ ಮಾತು ಬೀಳಲಿಲ್ಲ. ಆ ನಾಚಿಕೆ ಇನ್ನೂ ನಮ್ಮನ್ನು ಬಿಟ್ಟಿಲ್ಲ.

ವಾದ್ಯವು ಸಂಸ್ಕಾರಕ್ಕೆ ಹೊರಗಿನದೆಂದು ಇದರಿಂದ ತಿಳಿಯಬಾರದು. ಸೀಮಂತೋನ್ನಯನದಲ್ಲಿ ಇಬ್ಬರು ವೀಣಾಗಾಯಕರಿಂದ ಹಾಡಿಸಬೇಕೆಂದು ಆಶ್ವಲಾಯನ ಗೃಹ್ಯಸೂತ್ರವೇ ವಿಧಿಸಿದೆ. ಮದುವೆಯಲ್ಲಿಯೂ ಮಾಂಗಲ್ಯಧಾರಣೆಯ ಕ್ಷಣಕ್ಕೆ ಗಟ್ಟಿಮೇಳವು ಬೇಕೇ ಬೇಕು. ಸೀನು, ಒಡಕು ಮಾತು ಮುಂತಾದ ಅಮಂಗಳ ಶಬ್ದಗಳು ವಧೂವರರಿಗೆ ಕೇಳದಿರಲೆಂದು ಹಿರಿಯರು ಮಾಡಿದ ಏರ್ಪಾಡು ಅದು. ಆದರೆ ಮಂತ್ರಕ್ಕೆ ಮೌನ, ಮಾಂಗಲ್ಯಕ್ಕೆ ಮೇಳ. ಈ ವಿವೇಕವುಳ್ಳ ವಾದ್ಯಗಾರರನ್ನು ಆರಿಸುವುದೇ ಮುಖ್ಯ ವಿಚಾರ.

ನಮ್ಮ ಕಡೆಯ ಪೂರ್ಣ ಮೇಳವೆಂದರೆ ಎರಡು ನಾಗಸ್ವರ, ಡೋಲು, ಶ್ರುತಿ ಮತ್ತು ತಾಳ. ನಾಗಸ್ವರವು ಬೆರಳಾಡಿಸಲು ಏಳು ರಂಧ್ರಗಳುಳ್ಳ ಮರದ ವಾದ್ಯ. ಗಿಡ್ಡದಾದ ತಿಮಿರಿಯ ಧ್ವನಿ ತೀಕ್ಷ್ಣ. ಉದ್ದನೆಯ ಬಾರಿಯದು ತಗ್ಗಿನ ಶ್ರುತಿ. ಮುಚ್ಚಿದ ಮಂಟಪಕ್ಕೆ ಬಾರಿಯೇ ಹಿತ. ಬಯಲಿಗಾಗಿಯೇ ಹುಟ್ಟಿದ ಈ ವಾದ್ಯಕ್ಕೆ ಧ್ವನಿವರ್ಧಕವನ್ನು ಸೇರಿಸುವುದು ತುಪ್ಪದನ್ನಕ್ಕೆ ಎಣ್ಣೆ ಹೊಯ್ದಂತೆ. ಬೆಳಗಿನ ಕಾಶೀಯಾತ್ರೆಗೆ ಬಿಲಹರಿ, ಸಂಜೆಯ ಆರತಕ್ಷತೆಗೆ ಕಲ್ಯಾಣಿ, ಕಡೆಯಲ್ಲಿ ಮಧ್ಯಮಾವತಿ ಎಂದು ಕೇಳಿದರೆ ಯಾವ ವಿದ್ವಾಂಸರಾದರೂ ಸಂತೋಷದಿಂದ ನುಡಿಸುವರು.

ನಾಗಸ್ವರವೊಂದೇ ಸರಿ, ಉಳಿದುದೆಲ್ಲ ತಪ್ಪೆಂದು ನಾವು ಹೇಳುವುದಿಲ್ಲ. ದಕ್ಷಿಣ ಕನ್ನಡದ ಕದ್ರಿ ಗೋಪಾಲನಾಥರು (1949–2019) ನಾಗಸ್ವರ ವಿದ್ವಾಂಸರ ಮಗನಾಗಿ ಹುಟ್ಟಿ, ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಕೇಳಿದ ಸ್ಯಾಕ್ಸೊಫೋನಿಗೆ ಮನಸೋತು, ಆ ವಿದೇಶೀ ವಾದ್ಯದಲ್ಲಿ ನಮ್ಮ ಗಮಕಗಳನ್ನು ನುಡಿಸಿ ತೋರಿದರು. ಮದುವೆಯ ಮನೆಗಳ ಶಹನಾಯಿಯನ್ನು ಸಭೆಯ ಪೀಠಕ್ಕೇರಿಸಿದ ಬಿಸ್ಮಿಲ್ಲಾ ಖಾನರಿಗೆ 2001ರಲ್ಲಿ ಭಾರತರತ್ನ ದೊರೆಯಿತು. ಶ್ರೀರಂಗದಲ್ಲಿ ನೆಲೆಸಿದ್ದ ಷೇಕ್ ಚಿನ್ನ ಮೌಲಾನಾ ಸಾಹೇಬರು ನಾಗಸ್ವರದ ಮಹಾವಿದ್ವಾಂಸರು. ಮಂಗಳಕ್ಕೆ ಮತಭೇದವಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಇನ್ನು ಲೌಕಿಕ. ಆಷಾಢವೂ ಧನುರ್ಮಾಸವೂ ಕಳೆದೊಡನೆ ಒಳ್ಳೆಯ ಲಗ್ನಗಳೆಲ್ಲ ಕೆಲವೇ ದಿನಗಳಲ್ಲಿ ಒತ್ತಿಕೊಂಡು ಬರುವುದರಿಂದ, ಛತ್ರವನ್ನು ಗೊತ್ತುಮಾಡಿದ ದಿನವೇ ವಾದ್ಯದವರಿಗೂ ವೀಳ್ಯ ಕೊಡತಕ್ಕದ್ದು. ಊರಿನ ದಕ್ಷಿಣ ಭಾಗದಿಂದ ಬರುವವರು ಹೆಬ್ಬಾಳದ ಮೇಲುಸೇತುವೆಯ ಬಳಿ ವಾಹನಗಳ ಸಂದಣಿಯಲ್ಲಿ ಸಿಕ್ಕಿದರೆ ಮುಹೂರ್ತವು ಅವರಿಗಾಗಿ ಕಾಯದು. ಹಿಂದಿನ ರಾತ್ರಿಯೇ ಅವರಿಗೆ ಇಳಿದುಕೊಳ್ಳಲು ಕೋಣೆ ಕೊಡುವುದು ಕ್ಷೇಮ. ಧ್ವನಿವರ್ಧಕವೇ ಬೇಕೆನ್ನುವವರು 2000ದ ಶಬ್ದಮಾಲಿನ್ಯ ನಿಯಮಗಳನ್ನು ಮರೆಯಬಾರದು: ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬೆಲ್ ಮಿತಿ, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಅದನ್ನು ಹಾಕುವಂತಿಲ್ಲ.

ವಾದ್ಯದವರನ್ನು ಬಾಗಿಲಲ್ಲಿ, ಪಾದರಕ್ಷೆಗಳ ರಾಶಿಯ ಪಕ್ಕದಲ್ಲಿ ಕೂರಿಸುವುದು ಅವಿವೇಕ. ಪುರೋಹಿತರ ಕೈಸನ್ನೆ ಅವರ ಕಣ್ಣಿಗೆ ಬೀಳಬೇಕು. ಅವರಿಗೆ ಕಡೆಯ ಪಂಕ್ತಿಯಲ್ಲಿ ಉಳಿದದ್ದನ್ನು ಬಡಿಸದೆ ಬೀಗರಂತೆ ಉಪಚರಿಸಬೇಕು. ಒಪ್ಪಿದ ಸಂಭಾವನೆಯನ್ನು ತಾಂಬೂಲದೊಡನೆ, ಕೇಳಿಸಿಕೊಳ್ಳದೆ ಕೊಡಬೇಕು. ಬೆಳಗಿನಿಂದ ಉಸಿರು ಹಿಡಿದು ಊದಿದವರ ಮನಸ್ಸು ನೊಂದರೆ ಅದು ಯಾವ ಮಂಗಳ?

ಬರುವ ಮಾಘಮಾಸದಲ್ಲಿ ನಮ್ಮ ಕಿರಿಯ ಮಗಳ ವಿವಾಹ. ವೃದ್ಧ ನಾಗಸ್ವರ ವಿದ್ವಾಂಸರೊಬ್ಬರನ್ನು ಮೊನ್ನೆ ಅವರ ಮನೆಗೇ ಹೋಗಿ ಕಂಡೆವು. ಅವರು ಸಂಭಾವನೆಯ ಮಾತೆತ್ತುವ ಮೊದಲು ಕೇಳಿದ್ದಿಷ್ಟೇ: "ನಿಮ್ಮ ಪುರೋಹಿತರ ಕಂಠ ಹೇಗೆ, ಮೇಷ್ಟ್ರೇ? ಮೆಲುದನಿಯವರಾದರೆ ಹೋಮ ಮುಗಿಯುವವರೆಗೆ ನಾವು ಶ್ರುತಿಯನ್ನೂ ಹಿಡಿಯುವುದಿಲ್ಲ." ಆ ಕ್ಷಣವೇ ವೀಳ್ಯವನ್ನು ಅವರ ಕೈಗಿತ್ತೆವು. ಹಿರಿಯ ಮಗಳೂ ಅಂದು ಮಂಟಪದಲ್ಲಿರುವಳು. ತಾನು ಕೇಳದೆ ಹೋದ ಮಾತನ್ನು ತಂಗಿಯ ಪಕ್ಕದಲ್ಲಿ ಕುಳಿತು ಅವಳೂ ಕೇಳಲಿ.