ಜಪಾನಿನ ವಿನೋದ ಪಿಂಗಾಣಿ: ತಳಮುದ್ರೆಯೂ ಕಾಲನಿರ್ಣಯವೂ

ಕಣ್ಣು ಮೂಗು ಪಡೆದು ನಗುತ್ತಿರುವ ಟೊಮೇಟೋ ಹಣ್ಣಿನ ಆಕಾರದ ಉಪ್ಪಿನ ಕುಡಿಕೆ, ಬೆಕ್ಕಿನ ತಲೆಯೇ ಮೈಯಾದ ಚಹದ ಪಾತ್ರೆ, ಕೈಜೋಡಿಸಿ ನಿಂತ ಗೃಹಿಣಿಯ ರೂಪದ ಬಿಸ್ಕತ್ತಿನ ಭರಣಿ: ಇಂಥವನ್ನು ಇತಿಹಾಸದ ವಿದ್ಯಾರ್ಥಿಯು ಮಕ್ಕಳ ಆಟಿಕೆಗಳೆಂದೆಣಿಸಿ ಬದಿಗಿರಿಸುವುದು ಸಹಜ. ಆದರೆ ಇವನ್ನು ಮಗುಚಿ ತಳವನ್ನು ನೋಡಿದಾಗ ಅಲ್ಲಿ ಒಂದೆರಡು ಪದಗಳ ಪುಟ್ಟ ಶಾಸನವು ಕಾಣಬರುತ್ತದೆ. ಒಂದು ದೇಶದ ಕೈಗಾರಿಕೆ, ಸೋಲು, ಚೇತರಿಕೆಗಳ ಕಥೆ ಆ ಪದಗಳಲ್ಲಿ ಅಡಗಿದೆ. ಶಾಸನಗಳನ್ನು ಓದುವವರಿಗೆ ಪರಿಚಿತವಾದ ಎಚ್ಚರಿಕೆಗಳೆಲ್ಲವೂ ಇಲ್ಲಿ ಸಲ್ಲುತ್ತವೆ. ಕೂಟಶಾಸನಗಳ ತೊಡಕು ಕೂಡ ತಪ್ಪಿದ್ದಲ್ಲ.

ಈ ಸಾಮಗ್ರಿಯ ಮುಖ್ಯ ತವರು ಐಚಿ ಪ್ರಾಂತದ ಸೆಟೊ ಪಟ್ಟಣ ಮತ್ತು ಅದರ ಸಮೀಪದ ನಗೊಯಾ. ಜಪಾನೀ ಭಾಷೆಯಲ್ಲಿ ಪಿಂಗಾಣಿಗೆ ‘ಸೆಟೊಮೊನೊ’, ಎಂದರೆ ಸೆಟೊದ ವಸ್ತು, ಎಂಬ ಹೆಸರೇ ರೂಢಿಯಾಗಿರುವುದರಿಂದ ಆ ಊರಿನ ಪ್ರಾಚೀನ ಖ್ಯಾತಿಯನ್ನು ಊಹಿಸಬಹುದು. ಒಂದನೆಯ ಮಹಾಯುದ್ಧದಲ್ಲಿ ಜರ್ಮನಿಯ ಪಿಂಗಾಣಿ ಬೊಂಬೆಗಳು ಅಮೆರಿಕದ ಪೇಟೆಗೆ ಬಾರದೆ ನಿಂತಾಗ ಆ ತೆರವನ್ನು ತುಂಬಿದವರು ಇಲ್ಲಿಯ ಕುಶಲಿಗಳು. ಎರಡನೆಯ ಯುದ್ಧದ ತರುವಾಯ ಅಮೆರಿಕದ ಆಮದು ವ್ಯಾಪಾರಿಗಳೇ ಇವರ ದೊಡ್ಡ ಗಿರಾಕಿಗಳಾದರು. ಷಿಕಾಗೋದ ಲೆಫ್ಟನ್, ಓಹಾಯೋದ ನ್ಯಾಪ್ಕೋ, ಕನೆಕ್ಟಿಕಟ್‌ನ ಹೋಲ್ಟ್-ಹವರ್ಡ್, ಎನೆಸ್ಕೋ ಮೊದಲಾದವು ಅಮೆರಿಕದ ಸಂಸ್ಥೆಗಳು. ಇವುಗಳ ಹೆಸರಿನಲ್ಲಿ ಮಾರಾಟವಾದ ಪಾತ್ರೆಗಳಲ್ಲಿ ಬಹುಭಾಗ ಜಪಾನಿನಲ್ಲಿ ತಯಾರಾದುದು. ತಳದ ಮೇಲೆ ವ್ಯಾಪಾರಿಯ ಹೆಸರು ಉಳಿಯಿತು. ಅಚ್ಚನ್ನು ಕೊರೆದವನದಾಗಲಿ, ಹುಬ್ಬು ತಿದ್ದಿದವಳದಾಗಲಿ ಸಾಮಾನ್ಯವಾಗಿ ಉಳಿಯಲಿಲ್ಲ. ಸಂಗ್ರಾಹಕರು ‘ಲೆಫ್ಟನ್ ಮಾಡಿದ ಬೆಕ್ಕು’ ಎನ್ನುವುದು ಈ ದೃಷ್ಟಿಯಿಂದ ಅಶುದ್ಧ ಪ್ರಯೋಗವೆಂದೇ ನಮ್ಮ ಅಭಿಪ್ರಾಯ.

ಈಗ ಮುದ್ರೆಯ ವಿಚಾರ. ಅಮೆರಿಕದ 1890ರ ಸುಂಕದ ಕಾಯಿದೆಯು ಆಮದಾದ ಸರಕಿನ ಮೇಲೆ ಮೂಲದೇಶದ ಹೆಸರನ್ನು ಇಂಗ್ಲಿಷಿನಲ್ಲಿ ನಮೂದಿಸಬೇಕೆಂದು ವಿಧಿಸಿತು. 1891ರಿಂದ ಅದು ಜಾರಿಗೆ ಬಂದಿತು. ಆಗ ಜಪಾನೀಯರು ತಮ್ಮ ದೇಶವನ್ನು ‘ನಿಪ್ಪಾನ್’ ಎಂದು ಬರೆದರು. ಅದು ಇಂಗ್ಲಿಷ್ ಪದವಲ್ಲವೆಂದು 1921ರಲ್ಲಿ ಅಮೆರಿಕದ ಅಧಿಕಾರಿಗಳು ನಿರ್ಣಯಿಸಿದ ಮೇಲೆ ‘ಜಪಾನ್’, ‘ಮೇಡ್ ಇನ್ ಜಪಾನ್’ ಎಂಬುವು ರೂಢಿಗೆ ಬಂದವು. ಯುದ್ಧಾನಂತರ, 1947ರಲ್ಲಿ ಖಾಸಗಿ ರಫ್ತು ಮರಳಿ ಆರಂಭವಾದಾಗ ‘ಆಕ್ಯುಪೈಡ್ ಜಪಾನ್’, ಅಂದರೆ ಪರರ ಅಧೀನದಲ್ಲಿರುವ ಜಪಾನ್, ಎಂಬ ಮುದ್ರೆ ತಲೆದೋರಿತು. 1952ರ ಏಪ್ರಿಲ್ 28ರಂದು ಆ ಅಧೀನತೆ ಕೊನೆಗೊಂಡಿತು. ಸೋತ ರಾಷ್ಟ್ರವು ತನ್ನ ಸೋಲನ್ನು ಉಪ್ಪಿನ ಕುಡಿಕೆಯ ತಳದಲ್ಲಿಯೂ ಬರೆದುಕೊಳ್ಳಬೇಕಾಗಿ ಬಂದುದನ್ನು ನೆನೆದರೆ ಆ ನಗುವ ಟೊಮೇಟೋ ಅಷ್ಟೇನೂ ಹಗುರವಾಗಿ ತೋರುವುದಿಲ್ಲ.

ಇಷ್ಟರಿಂದಲೇ ಕಾಲವನ್ನು ನಿಶ್ಚಯಿಸಬಹುದೆಂದು ಹೊಸಬರು ಭ್ರಮಿಸುವುದುಂಟು. ಅಧೀನತೆಯ ವರ್ಷಗಳಲ್ಲಿಯೂ ಬರಿಯ ‘ಜಪಾನ್’ ಎಂಬ ಮುದ್ರೆ ಬಳಕೆಯಲ್ಲಿತ್ತಾದುದರಿಂದ ಆ ಪದವಿದ್ದ ಮಾತ್ರಕ್ಕೆ ವಸ್ತು 1952ರ ಈಚಿನದಾಗದು. ಮುದ್ರೆಯಿಲ್ಲದಿರುವುದೂ ಪ್ರಾಚೀನತೆಗೆ ಸಾಕ್ಷಿಯಲ್ಲ: ಅಂಟಿಸಿದ್ದ ಕಾಗದದ ಚೀಟಿ ತೊಳೆದು ಹೋಗಿರಬಹುದು, ಅಥವಾ ಜೋಡಿಯಲ್ಲಿ ಒಂದಕ್ಕೆ ಮಾತ್ರ ಮುದ್ರೆಯೊತ್ತಿರಬಹುದು. ಅಲ್ಲದೆ ಅಮೆರಿಕದ ಕಾಯಿದೆ ಅಮೆರಿಕಕ್ಕೆ ಹೋಗುವ ಸರಕಿಗೆ ಮಾತ್ರ ಅನ್ವಯಿಸುವುದು. ನಮ್ಮ ದೇಶದ ಹಳೆಯ ಮನೆಗಳ ಅಲಮಾರಿನಲ್ಲಿ ದೊರೆಯುವ ಜಪಾನೀ ಬಟ್ಟಲಿಗೆ ಅದೇ ಅಳತೆಗೋಲನ್ನು ಹಿಡಿಯಲಾಗದು. ವರ್ಷವನ್ನೇ ನಮೂದಿಸಿದಲ್ಲಿಯೂ ಎಚ್ಚರ ಬೇಕು. ಹೋಲ್ಟ್-ಹವರ್ಡ್ ಸಂಸ್ಥೆಯ ‘ಪಿಕ್ಸಿವೇರ್’ ಭರಣಿಗಳ, ಎಂದರೆ ಮುಚ್ಚಳದ ಮೇಲೆ ಕಿನ್ನರನ ತಲೆಯುಳ್ಳ ಸಾಸಿವೆ ಮತ್ತು ಜಾಮಿನ ಡಬ್ಬಿಗಳ ತಳದಲ್ಲಿ 1958 ಎಂದಿದ್ದರೆ, ಅದು ವಿನ್ಯಾಸದ ಹಕ್ಕು ಪಡೆದ ವರ್ಷ. ಆ ಡಬ್ಬಿ ಆವಿಗೆಯಿಂದ ಹೊರಬಂದ ವರ್ಷವಲ್ಲ.

ಆದಕಾರಣ ಮುದ್ರೆಯ ಜೊತೆಗೆ ಮೈಯನ್ನೂ ಪರೀಕ್ಷಿಸತಕ್ಕುದು. ಇವು ಎರಕದ ವಸ್ತುಗಳು. ನೀರಾದ ಜೇಡಿಯನ್ನು ಗಚ್ಚಿನ ಅಚ್ಚಿನಲ್ಲಿ ಹೊಯ್ದಾಗ ಅಚ್ಚು ನೀರನ್ನು ಹೀರಿ ಒಳಗೋಡೆಗೆ ಜೇಡಿಯ ಪದರವು ಕಟ್ಟುತ್ತದೆ. ಮಿಕ್ಕುದನ್ನು ಹೊರಗೆ ಚೆಲ್ಲುತ್ತಾರೆ. ಒಣಗುವಾಗಲೂ ಸುಡುವಾಗಲೂ ಜೇಡಿ ಕುಗ್ಗುತ್ತದೆ. ಖೋಟಾಕಾರನು ಮೂಲ ಅಚ್ಚು ದೊರೆಯದೆ ಸಿದ್ಧವಾದ ಪಾತ್ರೆಯಿಂದಲೇ ಅಚ್ಚು ತೆಗೆದರೆ ಅವನ ನಕಲು ಇನ್ನೊಮ್ಮೆ ಕುಗ್ಗಿ ಮೂಲಕ್ಕಿಂತ ಚಿಕ್ಕದಾಗುತ್ತದೆ. ರೆಪ್ಪೆ, ಮೀಸೆ, ಎಲೆಯ ನರಗಳು ಮೊಂಡಾಗುತ್ತವೆ. ಈ ಪರೀಕ್ಷೆಗೆ ಒಂದು ಅಳತೆಪಟ್ಟಿಯೂ ಖಚಿತವಾದ ಮೂಲದ ಅಳತೆಗಳೂ ಸಾಕು. ‘ಆಕ್ಯುಪೈಡ್ ಜಪಾನ್’ ಮುದ್ರೆಗೆ ಹೆಚ್ಚು ಬೆಲೆ ಬಂದ ಮೇಲೆ ಅದನ್ನು ಹೊಸ ವಸ್ತುಗಳ ಮೇಲೂ ಒತ್ತಿದವರಿದ್ದಾರೆ. ನಿಜವಾದ ಮುದ್ರೆ ಸಾಮಾನ್ಯವಾಗಿ ಗಾಜಿನ ಲೇಪದ ಅಡಿಯಲ್ಲಿರುವುದರಿಂದ ಉಗುರುಬಣ್ಣ ತೆಗೆಯುವ ದ್ರವದಲ್ಲಿ ಅದ್ದಿದ ಅರಳೆಯಿಂದ ಉಜ್ಜಿದರೂ ಅಳಿಯದು. ಮೇಲೆ ಒತ್ತಿದ್ದು ಅಳಿಯುವುದು. ಈ ದ್ರವವನ್ನು ತಳದ ಹೊರತು ಬೇರೆಡೆ ಸೋಕಿಸಲಾಗದು. ಏಕೆಂದರೆ ಎಷ್ಟೋ ಪಾತ್ರೆಗಳಲ್ಲಿ ಕೆನ್ನೆಯ ಕೆಂಪೂ ಟೋಪಿಯ ಹಸಿರೂ ಸುಟ್ಟ ಮೇಲೆ ಬಳಿದ ತಣ್ಣನೆಯ ಬಣ್ಣ. ಅದು ಕ್ಷಣಮಾತ್ರದಲ್ಲಿ ಕರಗಿಹೋಗುತ್ತದೆ.

ಆ ಬಣ್ಣ ಅಲ್ಲಲ್ಲಿ ಸವೆದಿದ್ದರೆ ಅದು ದೋಷವಾದರೂ ಅಡಿಗೆಮನೆಯಲ್ಲಿ ಕೈಗಳು ನಿಜವಾಗಿ ಹಿಡಿದೆಡೆಯಲ್ಲಿಯೇ ಸವೆದಿದೆಯೇ ಎಂದು ನೋಡಬೇಕು. ಮರಳುಕಾಗದದಿಂದ ತಂದ ಹಳಮೆ ಎಲ್ಲೆಡೆಯೂ ಸಮನಾಗಿರುತ್ತದೆ. ಹೊಸ ಬಣ್ಣ ಬಳಿದು ಸರಿಪಡಿಸುವ ಚಪಲವನ್ನು ಬಿಡುವುದು ಲೇಸು.

1949ರಿಂದ ಡಾಲರಿಗೆ 360 ಯೆನ್ ಎಂದು ಸ್ಥಿರವಾಗಿದ್ದ ವಿನಿಮಯ ದರವು 1971ರಲ್ಲಿ ಮುರಿಯಿತು. 1985ರ ಪ್ಲಾಜಾ ಒಪ್ಪಂದದ ತರುವಾಯ ಯೆನ್ ಮತ್ತಷ್ಟು ಬಲಗೊಂಡು ಅಗ್ಗದ ಪಿಂಗಾಣಿಯ ರಫ್ತು ಜಪಾನಿಗೆ ಗಿಟ್ಟದಾಯಿತು. ಕೊಳ್ಳುವವರು ಏಷ್ಯದ ಇತರ ದೇಶಗಳತ್ತ ತಿರುಗಿದರು.

ಸಂಗ್ರಹಿಸಬಯಸುವ ವಿದ್ಯಾರ್ಥಿಗಳಿಗೆ ಎರಡು ಮಾತು. ಹಳೆಯ ಬಣ್ಣ ಮತ್ತು ಲೇಪಗಳಲ್ಲಿ ಸೀಸವಿರುವ ಸಂಭವವುಂಟಾದ್ದರಿಂದ ಈ ಪಾತ್ರೆಗಳಲ್ಲಿ ಹುಳಿ, ಉಪ್ಪಿನಕಾಯಿ, ಬಿಸಿ ಚಹ ಮುಂತಾದ ಯಾವ ಆಹಾರವನ್ನೂ ಇಡಕೂಡದು. ಇನ್ನು, ತಳದಲ್ಲಿ ಚೀಟಿಯೇನಾದರೂ ಉಳಿದಿದ್ದರೆ ತೊಳೆಯುವ ಮೊದಲೇ ಅದರ ಛಾಯಾಚಿತ್ರವನ್ನು ತೆಗೆದು, ವಸ್ತು ದೊರೆತ ಮನೆ, ಊರು, ದಿನಾಂಕಗಳನ್ನು ಪಟ್ಟಿಯಲ್ಲಿ ಬರೆದಿಡತಕ್ಕದ್ದು.