ಹಳೆಯ ಪಿಕಪ್ಪಿನ ಹಿಂಬದಿ ಪಟ್ಟಿ: ಮನೆಯಂಗಳದಲ್ಲಿ ಮಾಡಬಹುದಾದ ದುರಸ್ತಿ

ಬೆಳೆದ ಮಾಲನ್ನು ಪೇಟೆಗೆ ಮುಟ್ಟಿಸುವವರೆಗೆ ರೈತನ ಕೆಲಸ ಮುಗಿಯುವುದಿಲ್ಲ. ಕೋಲಾರದ ಟೊಮೆಟೊ, ಶ್ರೀನಿವಾಸಪುರದ ಮಾವು, ಬ್ಯಾಡಗಿಯ ಮೆಣಸಿನಕಾಯಿ, ಯಾವುದೇ ಇರಲಿ, ತೋಟದಿಂದ ಮಾರುಕಟ್ಟೆಯವರೆಗಿನ ಹೊರೆಯನ್ನು ಇಂದು ಹೆಚ್ಚಾಗಿ ಹೊರುತ್ತಿರುವುದು ಪಿಕಪ್ ವಾಹನ. ಹತ್ತು ಹನ್ನೆರಡು ವರ್ಷ ದುಡಿದ ವಾಹನದಲ್ಲಿ ಎಂಜಿನ್ ಇನ್ನೂ ಗಟ್ಟಿಯಾಗಿರುವಾಗಲೇ ಹಿಂಬದಿಯ ಪಟ್ಟಿಗಳು ಸೋಲತೊಡಗುತ್ತವೆ. ಸುಗ್ಗಿಯ ನಡುವೆ, ಹೊರೆ ತುಂಬಿದ ಗಾಡಿಯ ಪಟ್ಟಿ ದಾರಿಯಲ್ಲಿ ಮುರಿದರೆ ಆ ದಿನದ ಮಾಲು ಕೈಬಿಟ್ಟಿತೆಂದೇ ತಿಳಿಯಬೇಕು. ಇಳಿಜಾರಿನಲ್ಲಿ ಮುರಿದರೆ ನಷ್ಟ ಮಾಲಿಗಷ್ಟೇ ನಿಲ್ಲುವುದಿಲ್ಲ.

ಈ ಮುರಿತಕ್ಕೆ ಬಹಳ ಸಲ ಮೂಲ ಕಾರಣ ದುಬಾರಿ ಪಟ್ಟಿಯಲ್ಲ. ಸವೆದ ಬುಷ್, ಸಡಿಲಗೊಂಡ ಯು ಬೋಲ್ಟು ಮುಂತಾದ ಅಗ್ಗದ ಬಿಡಿಭಾಗಗಳು. ಇವನ್ನು ಸಕಾಲದಲ್ಲಿ ಬದಲಿಸಿದರೆ ಪಟ್ಟಿಯ ಆಯುಷ್ಯ ಹೆಚ್ಚುತ್ತದೆ. ಟ್ರಾಕ್ಟರು, ಪಂಪುಸೆಟ್ಟುಗಳನ್ನು ಬಿಚ್ಚಿ ಜೋಡಿಸಿ ಅಭ್ಯಾಸವಿರುವ ರೈತರು ಈ ಕೆಲಸವನ್ನು ಬಿಡುವಿನ ದಿನಗಳಲ್ಲಿ ಮನೆಯಲ್ಲಿಯೇ ಮಾಡಿಕೊಳ್ಳಬಹುದು. ಆದರೆ ಕ್ರಮ ತಪ್ಪಿದರೆ ಪ್ರಾಣಾಪಾಯವಿರುವ ಕೆಲಸವೂ ಇದೇ ಎಂಬುದನ್ನು ಮೊದಲೇ ಗಮನದಲ್ಲಿಡಬೇಕು.

ಪಟ್ಟಿಯ ರಚನೆ

ಎತ್ತಿನ ಗಾಡಿಯ ಅಚ್ಚಿನ ಮೇಲೆ ಹೊರೆ ನೇರವಾಗಿ ಕೂರುತ್ತದೆ. ಜಟಕಾ ಗಾಡಿಯಲ್ಲಿ ಅಚ್ಚಿಗೂ ಗಾಡಿಗೂ ನಡುವೆ ಬಾಗಿದ ಉಕ್ಕಿನ ಪಟ್ಟಿಗಳಿರುತ್ತಿದ್ದವು. ಪಿಕಪ್ಪಿನಲ್ಲಿರುವುದೂ ಅದೇ ಏರ್ಪಾಡು. ಗ್ಯಾರೇಜಿನವರು ಇದನ್ನು ಪ್ಲೇಟು, ಪಟ್ಟಾ, ಕಮಾನು ಎಂದೆಲ್ಲ ಕರೆಯುತ್ತಾರೆ. ಒಂದರ ಕೆಳಗೊಂದು ಜೋಡಿಸಿದ ಪಟ್ಟಿಗಳಲ್ಲಿ ಉದ್ದನೆಯದು ಮುಖ್ಯ ಪಟ್ಟಿ. ಅದರ ಎರಡು ತುದಿಗಳನ್ನೂ ಸುರುಳಿ ಸುತ್ತಿ ಕಣ್ಣು ಮಾಡಿರುತ್ತಾರೆ. ಮುಂದಿನ ಕಣ್ಣು ಚಾಸಿಯ ಬ್ರಾಕೆಟ್ಟಿಗೆ ಬೋಲ್ಟಿನಿಂದ ನೇರವಾಗಿ ಸೇರುತ್ತದೆ. ಹಿಂದಿನ ಕಣ್ಣು ಮಾತ್ರ ಶಾಕಲ್ ಎಂಬ ತೂಗುವ ಜೋಡಣೆಗೆ ಸೇರುತ್ತದೆ. ಹೊರೆ ಬಿದ್ದಾಗ ಬಾಗು ಕಡಿಮೆಯಾಗಿ ಪಟ್ಟಿ ಉದ್ದವಾಗುವುದರಿಂದ ಆ ತುದಿಗೆ ಸರಿದಾಡಲು ಎಡೆ ಬೇಕು. ಕಣ್ಣುಗಳ ಒಳಗಿರುವ ರಬ್ಬರಿನ ಬುಷ್‌ಗಳು ಲೋಹಕ್ಕೆ ಲೋಹ ತಾಗದಂತೆ ತಡೆಯುತ್ತವೆ.

ಪಟ್ಟಿಗಳ ನಡುವಿನ ತೂತಿನಲ್ಲಿ ಹಾದುಹೋಗುವ ಸೆಂಟರ್ ಬೋಲ್ಟು ಕಟ್ಟನ್ನು ಒಟ್ಟಾಗಿ ಹಿಡಿದಿರುತ್ತದೆ. ಅದರ ತಲೆ ಅಚ್ಚಿನ ಮೇಲಿನ ಗುಳಿಯಲ್ಲಿ ಕುಳಿತು ಅಚ್ಚು ಹಿಂದೆ ಮುಂದೆ ಸರಿಯದಂತೆ ಕಾಯುತ್ತದೆ. ಇಡೀ ಕಟ್ಟನ್ನು ಅಚ್ಚಿಗೆ ಬಿಗಿದಿಡುವುದು ಎರಡು ಯು ಬೋಲ್ಟುಗಳು. ಇವು ಸಡಿಲವಾದರೆ ಪಟ್ಟಿ ನಟ್ಟನಡುವೆ ಅಲುಗಾಡಿ, ಬಾಗುವಿಕೆಯೆಲ್ಲ ಸೆಂಟರ್ ಬೋಲ್ಟಿನ ತೂತಿನ ಬಳಿ ಬೀಳುತ್ತದೆ. ಮುರಿತ ಅಲ್ಲಿಯೇ ಆರಂಭವಾಗುತ್ತದೆ.

ಸವೆತದ ಗುರುತುಗಳು

ಖಾಲಿ ವಾಹನವನ್ನು ಸಮತಟ್ಟಾದ ನೆಲದ ಮೇಲೆ ನಿಲ್ಲಿಸಿ, ಎಲ್ಲ ಚಕ್ರಗಳ ಗಾಳಿಯನ್ನು ಸರಿಪಡಿಸಿ, ಈ ಕೆಳಗಿನವುಗಳನ್ನು ಪರೀಕ್ಷಿಸಬೇಕು.

೧. ಹಿಂದಿನ ಚಕ್ರದ ನಡುವಿನಿಂದ ಚಾಸಿಯವರೆಗಿನ ಎತ್ತರವನ್ನು ಎರಡೂ ಕಡೆ ಅಳೆಯಬೇಕು. ಒಂದು ಬೆರಳಗಲಕ್ಕಿಂತ ಹೆಚ್ಚು ವ್ಯತ್ಯಾಸವಿದ್ದರೆ ತಗ್ಗಿದ ಕಡೆಯ ಪಟ್ಟಿ ಸೋತಿದೆ ಅಥವಾ ಮುರಿದಿದೆ ಎಂದು ಸಂಶಯಿಸಬೇಕು.

೨. ಮಣ್ಣನ್ನು ತಂತಿ ಬ್ರಷ್ಷಿನಿಂದ ತೆಗೆದು ಪ್ರತಿ ಪಟ್ಟಿಯ ಅಂಚನ್ನು ದೀಪ ಹಿಡಿದು ನೋಡಬೇಕು. ಕೂದಲೆಳೆಯಷ್ಟು ಬಿರುಕಿನಿಂದ ಇಳಿದ ತುಕ್ಕಿನ ಗೆರೆ ಮುಂದಿನ ಮುರಿತದ ಸೂಚನೆ.

೩. ಕಣ್ಣಿನ ಬಳಿ ಸಬ್ಬಲಿನಿಂದ ಮೆಲ್ಲಗೆ ಮೀಟಿದಾಗ ಪಟ್ಟಿ ಅಲುಗಿ ಟಕ್ ಎಂದರೆ ಬುಷ್ ಮುಗಿದಿದೆ.

೪. ಹಿಂದಿನಿಂದ ನೋಡಿದಾಗ ವಾಹನ ಓರೆಯಾಗಿ ಓಡುವಂತೆ ಕಂಡರೆ ಸೆಂಟರ್ ಬೋಲ್ಟು ತುಂಡಾಗಿ ಅಚ್ಚು ಸರಿದಿರಬಹುದು. ಇಂತಹ ವಾಹನವನ್ನು ದುರಸ್ತಿಯಾಗುವವರೆಗೆ ಓಡಿಸಲೇಕೂಡದು.

೫. ವಾಹನದ ಹಿಂಭಾಗವನ್ನು ಬಲವಾಗಿ ಅದುಮಿ ಬಿಟ್ಟಾಗ ಅದು ಎರಡು ಮೂರು ಸಲ ಕುಣಿದರೆ, ಇಲ್ಲವೇ ಶಾಕ್ ಅಬ್ಸಾರ್ಬರಿನ ಮೈಮೇಲೆ ಎಣ್ಣೆ ಹರಿದಿದ್ದರೆ, ಶಾಕ್ ಅಬ್ಸಾರ್ಬರನ್ನು ಬದಲಿಸಬೇಕು.

ಮನೆಯಲ್ಲಿ ಯಾವುದು, ಗ್ಯಾರೇಜಿನಲ್ಲಿ ಯಾವುದು?

ಬುಷ್, ಶಾಕಲ್, ಯು ಬೋಲ್ಟು, ಶಾಕ್ ಅಬ್ಸಾರ್ಬರು ಹಾಗೂ ಸಿದ್ಧ ಪಟ್ಟಿ ಕಟ್ಟಿನ ಬದಲಾವಣೆ ಮನೆಯಲ್ಲಿ ಸಾಧ್ಯ. ಚಾಸಿಯ ಬ್ರಾಕೆಟ್ಟು ಬಿರುಕು ಬಿಟ್ಟಿದ್ದರೆ, ಅಚ್ಚಿನ ಮೇಲಿನ ಕೂರುಜಾಗ ಹರಿದಿದ್ದರೆ ಅಥವಾ ಬ್ರೇಕಿನ ಕೊಳವೆಗೆ ಪೆಟ್ಟಾಗಿದ್ದರೆ ಗ್ಯಾರೇಜಿಗೇ ಒಯ್ಯಬೇಕು.

ಪಟ್ಟಿಗೆ ಬೆಸುಗೆ ಹಾಕುವುದು, ಕುಲುಮೆಯಲ್ಲಿ ಕಾಯಿಸಿ ಬಾಗಿಸುವುದು ಎಂದಿಗೂ ಕೂಡದು. ಪಟ್ಟಿಯ ಉಕ್ಕನ್ನು ಕಾರ್ಖಾನೆಯಲ್ಲಿ ಕಾಯಿಸಿ, ತಣಿಸಿ, ಮತ್ತೆ ಗೊತ್ತಾದ ಶಾಖದಲ್ಲಿ ಹದಗೊಳಿಸಿರುತ್ತಾರೆ. ಬೆಂಕಿ ತಾಗಿದ ಜಾಗದಲ್ಲಿ ಆ ಹದ ಕೆಡುತ್ತದೆ. ಅಲ್ಲಿ ಪಟ್ಟಿ ಬಾಗಿಯೇ ಉಳಿಯುತ್ತದೆ, ಇಲ್ಲವೇ ಗಾಜಿನಂತೆ ಮುರಿಯುತ್ತದೆ. ಇದೇ ರೀತಿ ಪಟ್ಟಿಯ ಮೇಲೆ ಉಳಿ, ಸುತ್ತಿಗೆಗಳ ಗಾಯವಾಗದಂತೆಯೂ ನೋಡಿಕೊಳ್ಳಬೇಕು. ಸಣ್ಣ ಗಾಯವೇ ಬಿರುಕಿನ ಬೀಜ.

ಸಿದ್ಧತೆ

ಪಟ್ಟಿಗಳನ್ನೂ ಶಾಕ್ ಅಬ್ಸಾರ್ಬರುಗಳನ್ನೂ ಎರಡೂ ಕಡೆಗೆ ಜೋಡಿಯಾಗಿಯೇ ಬದಲಿಸಬೇಕು. ಒಂದು ಕಡೆ ಹೊಸದು, ಇನ್ನೊಂದು ಕಡೆ ಸೋತದ್ದು ಇದ್ದರೆ ವಾಹನ ಓರೆಯಾಗಿ ನಿಲ್ಲುತ್ತದೆ. ವಾಹನದ ಮಾದರಿ ಮತ್ತು ತಯಾರಾದ ವರ್ಷವನ್ನು ತಿಳಿಸಿ ಬಿಡಿಭಾಗ ಕೊಳ್ಳಬೇಕು. ಹಳೆಯ ಯು ಬೋಲ್ಟುಗಳನ್ನು ಮತ್ತೆ ಬಳಸಕೂಡದು. ಒಮ್ಮೆ ಪೂರ್ಣ ಬಿಗಿದ ಬೋಲ್ಟು ಹಿಗ್ಗಿರುತ್ತದೆ, ಮತ್ತೆ ಅದೇ ಬಿಗಿಯನ್ನು ಹಿಡಿದು ನಿಲ್ಲುವುದಿಲ್ಲ. ಸಾಮಾನ್ಯ ಕಬ್ಬಿಣದ ಸರಳನ್ನು ಬಾಗಿಸಿ ಮಾಡಿಸಿದ ಯು ಬೋಲ್ಟು ಕೂಡ ಬೇಡ.

ಕೆಲಸದ ಹಿಂದಿನ ದಿನವೇ ಎಲ್ಲ ನಟ್ಟುಗಳ ಮರೆಗಳನ್ನು ಬ್ರಷ್ಷಿನಿಂದ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹಾಕಿಟ್ಟರೆ ಮರುದಿನ ಅರ್ಧ ಶ್ರಮ ಉಳಿಯುತ್ತದೆ. ಕೆಲಸಕ್ಕೆ ಇಬ್ಬರು ಬೇಕೇಬೇಕು. ಪಟ್ಟಿಯ ಕಟ್ಟು ಒಬ್ಬನೇ ಎತ್ತುವಷ್ಟು ಹಗುರವಲ್ಲ.

ಅತಿಮುಖ್ಯ ಎಚ್ಚರಿಕೆ

ಸಾಮಾನ್ಯವಾಗಿ ಕೈಬ್ರೇಕು ಹಿಡಿಯುವುದು ಹಿಂದಿನ ಚಕ್ರಗಳನ್ನು. ಹಿಂದಿನ ಚಕ್ರಗಳಿಂದ ಓಡುವ ವಾಹನದಲ್ಲಿ ಗೇರು ಹಿಡಿಯುವುದೂ ಅವನ್ನೇ. ಆ ಚಕ್ರಗಳನ್ನು ನೆಲದಿಂದ ಎತ್ತಿದ ಕ್ಷಣದಿಂದ ಕೈಬ್ರೇಕು, ಗೇರು ಎರಡೂ ವ್ಯರ್ಥ. ಆದುದರಿಂದ ಮುಂದಿನ ಎರಡು ಚಕ್ರಗಳಿಗೂ ಹಿಂದೆ ಮುಂದೆ ಮರದ ಅಡ್ಡತುಂಡುಗಳನ್ನು ಬಿಗಿಯಾಗಿ ಕೊಡಬೇಕು.

ಜಾಕು ಎತ್ತುವುದಕ್ಕೇ ಹೊರತು ಹೊರುವುದಕ್ಕಲ್ಲ. ಬರಿಯ ಜಾಕಿನ ಮೇಲೆ ನಿಂತ ವಾಹನದ ಕೆಳಗೆ ತೆವಳಕೂಡದು. ಚಾಸಿಯ ಕೆಳಗೆ ಕಬ್ಬಿಣದ ಸ್ಟ್ಯಾಂಡುಗಳನ್ನು ಕೊಡಬೇಕು. ಅವು ಇಲ್ಲವಾದರೆ ಸಮನಾದ ದಪ್ಪ ಮರದ ದಿಮ್ಮಿಗಳನ್ನು ಒಂದರ ಮೇಲೊಂದು ಅಡ್ಡಡ್ಡಲಾಗಿ ಅಗಲವಾಗಿ ಪೇರಿಸಬೇಕು. ಇಟ್ಟಿಗೆ, ಟೊಳ್ಳು ಸಿಮೆಂಟು ಬ್ಲಾಕು ಮತ್ತು ಕಲ್ಲುಗಳು ಮುನ್ಸೂಚನೆಯಿಲ್ಲದೆ ಸೀಳುತ್ತವೆ. ಉತ್ತ ಮಣ್ಣಿನ ಮೇಲೆ ಅಥವಾ ಇಳಿಜಾರಿನಲ್ಲಿ ಈ ಕೆಲಸ ಬೇಡ. ಗಟ್ಟಿ ಕಣವೋ ಸಿಮೆಂಟು ನೆಲವೋ ಇರಲಿ.

ಕಳಚುವ ಕ್ರಮ

ವಾಹನ ನೆಲದ ಮೇಲಿರುವಾಗಲೇ ಚಕ್ರದ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿಕೊಳ್ಳಬೇಕು. ಅನಂತರ ಹಿಂಭಾಗವನ್ನು ಎತ್ತಿ, ಪಟ್ಟಿಯ ಮುಂದಿನ ಬ್ರಾಕೆಟ್ಟಿಗಿಂತ ಸ್ವಲ್ಪ ಮುಂದೆ, ಚಾಸಿಯ ಎರಡೂ ಕಡೆ ಸ್ಟ್ಯಾಂಡು ಕೊಟ್ಟು ಇಳಿಸಬೇಕು. ವಾಹನವನ್ನು ಕೈಯಿಂದ ಅಲುಗಿಸಿ, ಭದ್ರವಾಗಿ ಕುಳಿತಿದೆಯೆಂದು ಖಾತರಿಯಾದ ಮೇಲೆಯೇ ಚಕ್ರ ತೆಗೆಯಬೇಕು. ತೆಗೆದ ಚಕ್ರವನ್ನು ಚಾಸಿಯ ಕೆಳಗೆ ಮಲಗಿಸಿಟ್ಟರೆ ಇನ್ನೊಂದು ರಕ್ಷಣೆ.

ಒಮ್ಮೆಗೆ ಒಂದೇ ಕಡೆಯ ಪಟ್ಟಿಯನ್ನು ಬಿಚ್ಚಬೇಕು. ಇನ್ನೊಂದು ಕಡೆಯ ಪಟ್ಟಿ ಅಚ್ಚನ್ನು ಅದರ ಸ್ಥಾನದಲ್ಲಿ ಹಿಡಿದಿರುತ್ತದೆ. ಕೆಲಸದ ಕಡೆಯ ಅಚ್ಚಿನ ಕೆಳಗೆ ಜಾಕು ಕೊಟ್ಟು, ಪಟ್ಟಿಯ ಮೇಲೆ ಭಾರವೂ ಇರದಂತೆ, ಅಚ್ಚು ಜೋತೂ ಬೀಳದಂತೆ ಹೊಂದಿಸಬೇಕು. ಅಚ್ಚು ಜೋತುಬಿದ್ದರೆ ಬ್ರೇಕಿನ ರಬ್ಬರು ಕೊಳವೆಯೂ ಕೈಬ್ರೇಕಿನ ಕೇಬಲ್ಲೂ ಎಳೆದು ಹರಿಯುತ್ತವೆ.

ಮೊದಲು ಶಾಕ್ ಅಬ್ಸಾರ್ಬರಿನ ಕೆಳಗಿನ ಬೋಲ್ಟು, ಆಮೇಲೆ ಯು ಬೋಲ್ಟುಗಳು, ಅನಂತರ ಹಿಂದಿನ ಶಾಕಲ್, ಕೊನೆಗೆ ಮುಂದಿನ ಕಣ್ಣಿನ ಬೋಲ್ಟು, ಈ ಕ್ರಮದಲ್ಲಿ ಬಿಚ್ಚಬೇಕು. ಪಟ್ಟಿ ಅಚ್ಚಿನ ಮೇಲಿರುವ ವಾಹನಗಳಲ್ಲಿ ಜಾಕನ್ನು ತುಸು ಇಳಿಸಿದರೆ ಸೆಂಟರ್ ಬೋಲ್ಟಿನ ತಲೆ ಗುಳಿಯಿಂದ ಬಿಡಿಸಿಕೊಳ್ಳುತ್ತದೆ. ಆಗ ಇಬ್ಬರು ಸೇರಿ ಕಟ್ಟನ್ನು ಪಕ್ಕಕ್ಕೆ ಎಳೆದು ಇಳಿಸಬಹುದು. ಕಳಚಿದ ಕಟ್ಟಿನ ಸೆಂಟರ್ ಬೋಲ್ಟನ್ನು ಬಿಚ್ಚುವುದಾದರೆ, ಅದರ ಎರಡೂ ಪಕ್ಕ ಬಲವಾದ ಕ್ಲಾಂಪು ಹಾಕಿದ ಹೊರತು ಬಿಚ್ಚಕೂಡದು. ಅದುಮಿದ ಪಟ್ಟಿಗಳು ಒಮ್ಮೆಗೇ ಸಿಡಿದು ಕೈ ಮುಖಗಳಿಗೆ ಗಾಯವಾಗುತ್ತದೆ.

ಬುಷ್ ಬದಲಾವಣೆ

ಹಳೆಯ ರಬ್ಬರನ್ನು ಬೆಂಕಿ ಹಚ್ಚಿ ಸುಡುವ ರೂಢಿ ಕೆಲವೆಡೆ ಇದೆ. ಆ ಹೊಗೆ ವಿಷ. ಬೆಂಕಿಯಿಂದ ಕಣ್ಣಿನ ಉಕ್ಕಿನ ಹದವೂ ಕೆಡಬಹುದು. ಬದಲಾಗಿ ಒಂದು ಉದ್ದನೆಯ ಮರೆ ಬೋಲ್ಟು, ಒಂದು ಪೈಪಿನ ತುಂಡು ಮತ್ತು ದಪ್ಪ ವಾಷರುಗಳನ್ನು ಬಳಸಬಹುದು. ಕಣ್ಣಿನ ಒಂದು ಕಡೆ ಪೈಪನ್ನು, ಇನ್ನೊಂದು ಕಡೆ ಬುಷ್ಷಿನಷ್ಟೇ ಅಗಲದ ವಾಷರನ್ನು ಇಟ್ಟು ಬೋಲ್ಟನ್ನು ಬಿಗಿಯುತ್ತ ಹೋದರೆ ಹಳೆಯ ಬುಷ್ ಪೈಪಿನೊಳಕ್ಕೆ ಹೊರಬರುತ್ತದೆ. ಹೊಸದನ್ನು ಕೂರಿಸಲೂ ಇದೇ ಉಪಾಯ ಸಾಕು. ರಬ್ಬರು ಜಾರಲು ಸೋಪಿನ ನೀರು ಬಳಸಬೇಕೇ ಹೊರತು ಎಣ್ಣೆ, ಗ್ರೀಸು ಅಥವಾ ಡೀಸೆಲ್ ಸೋಕಿಸಕೂಡದು. ಅವುಗಳಿಂದ ರಬ್ಬರು ಊದಿ ಮೆತ್ತಗಾಗುತ್ತದೆ.

ಜೋಡಿಸುವ ಕ್ರಮ

ಹೊಸ ಕಟ್ಟನ್ನು ಹಳೆಯದರ ಪಕ್ಕದಲ್ಲಿಟ್ಟು ಹೋಲಿಸಬೇಕು. ಸೆಂಟರ್ ಬೋಲ್ಟಿನಿಂದ ಎರಡು ಕಣ್ಣುಗಳಿಗೂ ದೂರ ಒಂದೇ ಆಗಿರಬೇಕೆಂದಿಲ್ಲ. ತಿರುಗುಮುರುಗಾಗಿ ಹಾಕಿದರೆ ಅಚ್ಚಿನ ಸ್ಥಾನ ತಪ್ಪುತ್ತದೆ. ಮುಂದಿನ ಕಣ್ಣು, ಶಾಕಲ್, ಈ ಕ್ರಮದಲ್ಲಿ ಸೇರಿಸಿ, ನಟ್ಟುಗಳನ್ನು ಸದ್ಯಕ್ಕೆ ಕೈಬಿಗಿಯಲ್ಲಿಯೇ ಇಡಬೇಕು. ಅಚ್ಚನ್ನು ನಿಧಾನವಾಗಿ ಎತ್ತಿ, ಸೆಂಟರ್ ಬೋಲ್ಟಿನ ತಲೆ ಗುಳಿಯಲ್ಲಿ ಸರಿಯಾಗಿ ಕುಳಿತುದನ್ನು ಕಣ್ಣಾರೆ ನೋಡಿ ಯು ಬೋಲ್ಟು ಹಾಕಬೇಕು. ನಾಲ್ಕು ನಟ್ಟುಗಳನ್ನು ಮೂಲೆಯಿಂದ ಮೂಲೆಗೆ, ಸ್ವಲ್ಪ ಸ್ವಲ್ಪವಾಗಿ ಸಮನಾಗಿ ಬಿಗಿಯುತ್ತ ಹೋಗಬೇಕು. ಬಿಗಿಯ ಪ್ರಮಾಣವನ್ನು ವಾಹನದ ಕೈಪಿಡಿಯಲ್ಲಿ ನೋಡಿ, ಟಾರ್ಕ್ ಸ್ಪ್ಯಾನರಿನಿಂದ ಬಿಗಿಯುವುದು ಉತ್ತಮ.

ಕಣ್ಣು ಮತ್ತು ಶಾಕಲ್ಲಿನ ಬೋಲ್ಟುಗಳನ್ನು ಪೂರ್ಣ ಬಿಗಿಯುವುದು ವಾಹನವನ್ನು ಚಕ್ರಗಳ ಮೇಲೆ ಇಳಿಸಿದ ನಂತರವೇ. ಅಚ್ಚು ತೂಗುತ್ತಿರುವಾಗಲೇ ಬಿಗಿದರೆ, ಇಳಿಸಿದಾಗ ರಬ್ಬರು ತಿರುಚಿಕೊಂಡು ಕೆಲವೇ ತಿಂಗಳಲ್ಲಿ ಹರಿಯುತ್ತದೆ. ಹೊಸ ಬುಷ್ ಬಾಳಿಕೆ ಬರಲಿಲ್ಲವೆಂಬ ದೂರಿಗೆ ಹಲವೊಮ್ಮೆ ಇದೇ ಕಾರಣ.

ಹೆಚ್ಚುವರಿ ಪಟ್ಟಿಯ ಆಸೆ

ಪಟ್ಟಿ ಬದಲಿಸುವಾಗಲೇ ಇನ್ನೆರಡು ಸೇರಿಸಿಬಿಟ್ಟರೆ ಹೆಚ್ಚು ಹೊರೆ ಹೊರಬಹುದೆಂಬ ನಂಬಿಕೆ ನಮ್ಮಲ್ಲಿ ವ್ಯಾಪಕವಾಗಿದೆ. ಇದು ತಪ್ಪು. ಪಟ್ಟಿ ಗಟ್ಟಿಯಾದ ಮಾತ್ರಕ್ಕೆ ಅಚ್ಚು, ಬೇರಿಂಗು, ಟೈರು, ಚಾಸಿ ಗಟ್ಟಿಯಾಗುವುದಿಲ್ಲ; ಬ್ರೇಕಿನ ಬಲವಂತೂ ಹೆಚ್ಚುವುದಿಲ್ಲ. ಹಿಂದೆ ತಗ್ಗಿದ ವಾಹನ ಹೊರೆ ಮೀರಿದೆಯೆಂದು ತಾನೇ ಹೇಳುತ್ತದೆ. ಹೆಚ್ಚುವರಿ ಪಟ್ಟಿ ಆ ಬಾಯಿಯನ್ನು ಕಟ್ಟುತ್ತದೆ, ಅಷ್ಟೆ. ಕೆಲವು ಪಿಕಪ್ಪುಗಳಲ್ಲಿ ಹಿಂಭಾಗ ತಗ್ಗಿದಷ್ಟೂ ಹಿಂದಿನ ಬ್ರೇಕಿನ ಒತ್ತಡವನ್ನು ಹೆಚ್ಚಿಸುವ ಕವಾಟವಿರುತ್ತದೆ. ಪಟ್ಟಿ ಗಡಸಾಗಿ ಹಿಂಭಾಗ ತಗ್ಗದಿದ್ದರೆ, ತುಂಬಿದ ವಾಹನವನ್ನೂ ಆ ಕವಾಟ ಖಾಲಿ ಎಂದೇ ತಿಳಿದು ಹಿಂದಿನ ಬ್ರೇಕನ್ನು ಕಡಿಮೆ ಹಿಡಿಯುತ್ತದೆ. ಇಂತಹ ವಾಹನದಲ್ಲಿ ಪಟ್ಟಿ ಬದಲಿಸಿದ ಮೇಲೆ ಈ ಕವಾಟದ ಹೊಂದಾಣಿಕೆಯನ್ನು ಗ್ಯಾರೇಜಿನಲ್ಲಿ ಪರೀಕ್ಷಿಸಿಸಬೇಕು.

ಗಡಸು ಪಟ್ಟಿಯ ಕುಲುಕಾಟಕ್ಕೆ ಹಣ್ಣು ತರಕಾರಿ ಜಜ್ಜಿ ಬೆಲೆಯೂ ಇಳಿಯುತ್ತದೆ. ಹೊರೆಯ ಲೆಕ್ಕ ಸುಲಭ. ೧೫ ಕಿಲೋ ಟೊಮೆಟೊ ಹಿಡಿಯುವ ೧೦೦ ಕ್ರೇಟು ಎಂದರೆ ೧೫ ಕ್ವಿಂಟಾಲು. ಕ್ರೇಟುಗಳ ತೂಕ, ಮೇಲೆ ಕೂರುವವರ ತೂಕ ಬೇರೆ. ಇದನ್ನು ನೋಂದಣಿ ಪತ್ರದಲ್ಲಿ ನಮೂದಿಸಿದ ಮಿತಿಯೊಡನೆ ತಾಳೆ ನೋಡಬೇಕು. ೧೯೮೮ರ ಮೋಟಾರು ವಾಹನ ಕಾಯ್ದೆಗೆ ೨೦೧೯ರಲ್ಲಿ ಆದ ತಿದ್ದುಪಡಿಯು ಹೊರೆ ಮೀರಿದ್ದಕ್ಕೆ ೨೦,೦೦೦ ರೂಪಾಯಿ ದಂಡವನ್ನೂ, ಮೀರಿದ ಪ್ರತಿ ಟನ್ನಿಗೆ ೨,೦೦೦ ರೂಪಾಯಿಯನ್ನೂ ವಿಧಿಸಿದೆ.

ನಂತರದ ಆರೈಕೆ

ಕೆಲಸ ಮುಗಿದ ಮೇಲೆ ಖಾಲಿ ವಾಹನವನ್ನು ಊರೊಳಗೆ ನಿಧಾನವಾಗಿ ಓಡಿಸಿ, ಬ್ರೇಕು ಹಿಡಿದು ನೋಡಿ, ಎಲ್ಲ ನಟ್ಟುಗಳನ್ನು ಮತ್ತೆ ಪರೀಕ್ಷಿಸಬೇಕು. ಹೊಸ ಪಟ್ಟಿಗಳು ಒಂದರ ಮೇಲೊಂದು ಕೂರುತ್ತ ಬಂದಂತೆ ಯು ಬೋಲ್ಟುಗಳು ಸಡಿಲವಾಗುತ್ತವೆ. ಮೊದಲ ಹೊರೆ ಹೊತ್ತು ಬಂದ ಮೇಲೆ ಒಮ್ಮೆ, ಸುಮಾರು ೫೦೦ ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ, ಅವನ್ನು ಬಿಗಿಯಬೇಕು. ಈ ಕೊನೆಯ ಹಂತವನ್ನು ಮರೆತರೆ ಮಾಡಿದ ಖರ್ಚೆಲ್ಲ ವ್ಯರ್ಥ. ರಸಗೊಬ್ಬರ ಸಾಗಿಸಿದ ದಿನ, ಅದರಲ್ಲೂ ಪೊಟ್ಯಾಷ್ ಸಾಗಿಸಿದ ದಿನ, ಪಟ್ಟಿಗಳನ್ನು ನೀರಿನಿಂದ ತೊಳೆಯುವುದು ಒಳ್ಳೆಯದು; ಉಪ್ಪಿನ ಅಂಶ ಉಕ್ಕನ್ನು ತಿನ್ನುತ್ತದೆ.

ಎತ್ತಿಗೆ ಲಾಳ ಸವೆದುದನ್ನು ನೋಡಿಯೂ ಗಾಡಿ ಕಟ್ಟುವ ರೈತನಿಲ್ಲ. ಪಿಕಪ್ಪಿನ ಹಿಂಬದಿಯನ್ನೂ ಅದೇ ಕಣ್ಣಿನಿಂದ ನೋಡಬೇಕು. ಸುಗ್ಗಿಗೆ ಒಂದು ತಿಂಗಳು ಮೊದಲು ಅರ್ಧ ದಿನ ಇದಕ್ಕಾಗಿ ಮೀಸಲಿಟ್ಟರೆ ಮಾಲೂ ಮನೆಯವರೂ ಕ್ಷೇಮವಾಗಿ ಊರು ಮುಟ್ಟುತ್ತಾರೆ.